ಭುಜಂಗನ ಬಗ್ಗೆ ಅಶ್ಮಿತಾಳ ಅಭಿಪ್ರಾಯ

"ಆ ಪುಸ್ತಕ ನಂಗೆ ಬೇಕು!"

ಠಾಣೆಯ ಕನ್ನಡ ಸಂಘದ ವಾಚನಾಲಯದಲ್ಲಿ ಕಾದಂಬರಿಯೊಳಗೆ ಮುಳುಗಿದ್ದ ಯುವಕ ತಲೆಯೆತ್ತಿದ. ಎದುರಿಗೆ ನಿಂತಿದ್ದ ಹುಡುಗಿಯ ಕಣ್ಣಲ್ಲಿ ವಿನಂತಿ ಇರಲಿಲ್ಲ, ಆಜ್ಞೆ ಇತ್ತು.

"ನಾನು ಓದ್ತಾ ಇದೀನಲ್ರೀ..."

"ಬೇಗ ಮುಗಿಸಿ. ನಂಗೆ ಇದರ ಮೇಲೆ ಭಾಷಣ ಮಾಡ್ಲಿಕ್ಕುಂಟು."

"ಓ! ಹಾಗಾದ್ರೆ ಮೊದಲು ನೀವೇ ಓದಿ, ತಗೊಳ್ಳಿ."

"ನಂಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ."

ಅವನು ಒಮ್ಮೆ ಪುಸ್ತಕವನ್ನು, ಒಮ್ಮೆ ಅವಳನ್ನು ನೋಡಿದ. "ಮತ್ತೆ ಪುಸ್ತಕ ಯಾಕೆ?"

"ಅಭಿಪ್ರಾಯ ಹೇಳ್ಬೇಕಲ್ಲ!"

ನಗಬಾರದೆಂದು ಅವನು ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಆಗಲಿಲ್ಲ. ಆ ನಗುವಿಗೆ ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಇನ್ನೂ ಏನೋ ಬಂತು... ಅದಕ್ಕೆ ಅವಳು ಆಗ ಹೆಸರಿಡಲಿಲ್ಲ.

ತಪ್ಪು ಅಶ್ಮಿತಾಳದ್ದಲ್ಲ. ಮಾಜಿವಾಡಾದಲ್ಲಿ ಹೋಟೆಲು ನಡೆಸುವ ಅವಳ ಅಪ್ಪ ಗುಣಪಾಲರು ಸಂಘದ ಪದಾಧಿಕಾರಿ. ಡೊಂಬಿವಲಿಯ ಪುಸ್ತಕ ಚರ್ಚೆಗೆ 'ಯುವ ಓದುಗರ ಅನಿಸಿಕೆ' ಬೇಕೆಂದಾಗ, ಮಗಳು ಯುವತಿಯಂತೂ ಹೌದು, ಓದಿನ ವಿಷಯ ಆಮೇಲೆ ನೋಡೋಣ ಎಂದು ಹೆಸರು ಕೊಟ್ಟುಬಿಟ್ಟಿದ್ದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಗೆಳತಿಯರೊಡನೆ ಹಿಂದಿ. ಕನ್ನಡ ಅವಳ ಕಿವಿಯಲ್ಲಿತ್ತು, ಕಣ್ಣಿಗೆ ಬಂದಿರಲಿಲ್ಲ.

"ಕಿವಿಯಲ್ಲಿದ್ರೆ ಸಾಕು ಬಿಡಿ," ಎಂದ ಆ ಯುವಕ. ಹೆಸರು ಚಿನ್ಮಯ್, ಊರು ಮೈಸೂರು, ಕೆಲಸ ಘಣಸೋಲಿಯ ಐಟಿ ಕಂಪನಿಯಲ್ಲಿ. "ನಾನು ಓದಿ, ರೆಕಾರ್ಡ್ ಮಾಡಿ ಕಳಿಸ್ತೀನಿ."

ಅಂದಿನಿಂದ ಅಧ್ಯಾಯದ ಮೇಲೆ ಅಧ್ಯಾಯ ಅವಳ ಮೊಬೈಲಿಗೆ ಬರತೊಡಗಿತು. ರಾಜಕೀಯ ಥ್ರಿಲ್ಲರ್. ಸರ್ಕಾರ ಬೀಳುವುದರಲ್ಲಿದೆ. ಶಾಸಕರೆಲ್ಲ ರೆಸಾರ್ಟಿನಲ್ಲಿ ಬಂದಿ. ಭುಜಂಗನೆಂಬ ದಲ್ಲಾಳಿ ಒಬ್ಬೊಬ್ಬರ ಕೋಣೆಗೂ ಹೋಗಿ, "ಉಪಮುಖ್ಯಮಂತ್ರಿ ಪಟ್ಟ ನಿಮಗೊಬ್ಬರಿಗೇ!" ಎಂದು ಪಿಸುಗುಟ್ಟಿ ಬರುತ್ತಾನೆ.

ಚಿನ್ಮಯ್ ಭುಜಂಗನಿಗೆ ಪಿಸುದನಿ ಕೊಟ್ಟ, ಮುಖ್ಯಮಂತ್ರಿಗೆ ಕೆಮ್ಮು ಕೊಟ್ಟ. ಒಂದು ಕಡೆ ಆ ಕೆಮ್ಮಿಗೆ ತಾನೇ ಪಕ್ಕನೆ ನಕ್ಕುಬಿಟ್ಟ. ಕಲ್ಯಾಣದ ಆಫೀಸಿಗೆ ಹೋಗುವಾಗ, ಲೋಕಲ್ ರೈಲಿನ ಲೇಡೀಸ್ ಡಬ್ಬದ ಮೊಣಕೈಗಳ ನಡುವೆ, ಅಶ್ಮಿತಾ ಆ ನಗುವನ್ನು ಮತ್ತೆ ಮತ್ತೆ ಕೇಳಿದಳು. ಸರ್ಕಾರ ಬಿದ್ದರೆ ಬೀಳಲಿ... ಈ ನಗು ಮಾತ್ರ ನನ್ನದು. ನನ್ನೊಬ್ಬಳದ್ದು!

"ಭುಜಂಗ ನಂಗೆ ತುಂಬ ಇಷ್ಟ ಆದ," ಎಂದಳು ಫೋನಿನಲ್ಲಿ. "ಅವ ಮೋಸ ಮಾಡುದು ಹೌದು, ಆದ್ರೆ ಆ ಶಾಸಕರಿಗೆ ಮೋಸ ಹೋಗ್ಲಿಕ್ಕೆ ಎಷ್ಟು ಖುಷಿ! ಸ್ಟೇಜ್ ಮೇಲೆ ಅದನ್ನೇ ಹೇಳ್ತೇನೆ."

"ಹೇಳಿ. ಸಭೆ ಮುಗಿದ್ಮೇಲೆ ಸ್ವಲ್ಪ ಹೊತ್ತು ನಿಲ್ತೀರಾ? ನಂಗೂ ಒಂದು ಮಾತು ಹೇಳೋದಿದೆ..."

ಯಾವ ಮಾತೆಂದು ಅವಳು ಕೇಳಲಿಲ್ಲ. ಆದರೆ ಹೊಸ ಕುರ್ತಾ ಕೊಂಡಳು.

ಡೊಂಬಿವಲಿಯ ಸಭಾಗೃಹ ಆ ಭಾನುವಾರ ತುಂಬಿತ್ತು. ಮುಂದಿನ ಸಾಲಿನಲ್ಲಿ ಚಿನ್ಮಯ್. ಅವನ ಪಕ್ಕದಲ್ಲಿ ಆಶ್ರಿತಾ. ಬೆಂಗಳೂರಿನವಳು, ಸಂಘಕ್ಕೆ ಹೊಸಬಳು, ಕೂದಲು ಹಾರಿಸಿ ಮಾತಾಡುವವಳು. ವೇದಿಕೆಯತ್ತ ಹೊರಟಿದ್ದ ಅಶ್ಮಿತಾಳ ಕಿವಿಗೆ ಅವಳ ಮಾತು ಬಿತ್ತು.

"ಮುಖ್ಯಮಂತ್ರಿ ಕೆಮ್ಮಿದಾಗ ನೀವೇ ನಕ್ಕುಬಿಟ್ರಲ್ಲ... ಅಯ್ಯೋ, ಅದನ್ನ ಎಷ್ಟು ಸಲ ಹಾಕ್ಕೊಂಡು ಕೇಳಿದೀನಿ ಗೊತ್ತಾ!"

ಅಶ್ಮಿತಾಳ ಕಾಲು ಅಲ್ಲೇ ನಿಂತಿತು.

ಇವಳಿಗೂ ಕಳಿಸಿದ್ದಾನಾ? ಅದೇ ದನಿ, ಅದೇ ನಗು... ಇವಳಿಗೂ?

ಅಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರು ಕೂಗಿದರು.

"ಈ ಭುಜಂಗ ಉಂಟಲ್ಲ," ಎಂದಳು ಅಶ್ಮಿತಾ, ಮೈಕನ್ನು ಕತ್ತು ಹಿಸುಕುವಂತೆ ಹಿಡಿದು, "ನಂಬರ್ ಒನ್ ಫ್ರಾಡ್! ಒಂದೇ ಮಾತು, ಒಂದೇ ಸ್ವರ. ಅದನ್ನೇ ಎಲ್ಲರ ಕಿವಿಗೂ ಹಾಕುದು. ಕೇಳಿದವರು ಪಾಪ, ನಂಗೊಬ್ಬಳಿಗೇ ಅಂತ..." ಗಂಟಲು ಸರಿಪಡಿಸಿಕೊಂಡಳು. "ಶಾಸಕರು, ಶಾಸಕರು! ನಂಗೊಬ್ಬನಿಗೇ ಅಂತ ನಂಬಿ ಕೂತದ್ದು. ಇಂಥವರು ಪುಸ್ತಕದಲ್ಲಿ ಮಾತ್ರ ಅಲ್ಲ, ಮುಂದಿನ ಸಾಲಿನಲ್ಲೂ ಇರ್ತಾರೆ!"

ಹಿರಿಯರು ಚಪ್ಪಾಳೆ ತಟ್ಟಿದರು. ಇಷ್ಟು ಆವೇಶದ ವಿಮರ್ಶೆಯನ್ನು ಸಂಘ ಬಹುಕಾಲದಿಂದ ಕೇಳಿರಲಿಲ್ಲ.

ಮುಂದಿನ ಸಾಲಿನಲ್ಲಿ ಚಿನ್ಮಯ್‌ನ ಮುಖ ಸಪ್ಪಗಾಯಿತು. ಎದ್ದವನು ಹಿಂದಿರುಗಿ ನೋಡದೆ ಹೊರಟುಹೋದ.

ಹೋಗಲಿ! ಎಂದಿತು ಅವಳ ಮನಸ್ಸು. ಹೋಗಿಬಿಟ್ಟನಾ... ಎಂದೂ ಅದೇ ಕೇಳಿತು.

ಕೆಳಗಿಳಿದಾಗ ಅಮ್ಮ ಪುಷ್ಪಾವತಿ ಮುಖ ಊದಿಸಿಕೊಂಡು ನಿಂತಿದ್ದರು.

"ಎಂತದು ಮಗಾ, ಭುಜಂಗನನ್ನು ಹಾಗೆ ಬೈದದ್ದು? ನಮ್ಮ ಭಜನಾ ಮಂಡಳಿಯವರಿಗೆಲ್ಲ ಅವನೇ ಇಷ್ಟ ಮಾರಾಯ್ತಿ!"

"ಮಂಡಳಿಯವರಿಗೆ ಭುಜಂಗ ಹೇಗೆ ಗೊತ್ತು?"

"ಗೊತ್ತಿಲ್ಲದೆ ಎಂತ? ದಿನಾ ನೀನು ಸ್ನಾನಕ್ಕೆ ಹೋದಾಗ ನಿನ್ನ ಮೊಬೈಲಿನಿಂದ ನಾನೇ ಗ್ರೂಪಿಗೆ ಕಳಿಸುದಲ್ವಾ? ಪಾಪ, ಆ ಹುಡುಗ ಎಷ್ಟು ಚೆಂದ ಓದ್ತಾನೆ! ನಮ್ಮ ಲೋಲಾಕ್ಷಿಯ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಇದ್ದಾಳಲ್ಲ, ಆಶ್ರಿತಾ, ಅವಳೂ ಕೇಳ್ತಾಳಂತೆ. ಇವತ್ತು ಅವನನ್ನು ನೋಡ್ಲಿಕ್ಕೇ ಬಂದದ್ದು..."

"ಅಮ್ಮಾ!"

ಅಶ್ಮಿತಾ ಓಡಿದಳು. ತರಕಾರಿ ಗಾಡಿ, ರಿಕ್ಷಾ ಸಾಲು, ಸೇತುವೆಯ ಮೆಟ್ಟಿಲು... ಡೊಂಬಿವಲಿ ಯಾರ ಪ್ರೇಮಕ್ಕೂ ದಾರಿ ಬಿಡುವ ಊರಲ್ಲ. ಪುಣ್ಯಕ್ಕೆ ಅಲ್ಲಿ ರೈಲು ಹತ್ತುವುದೂ ಅಷ್ಟೇ ಕಷ್ಟ. ಠಾಣೆ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಅವನು ಇನ್ನೂ ನಿಂತಿದ್ದ.

"ಚಿನ್ಮಯ್!"

ಅವನು ತಿರುಗಿದ. "ಭಾಷಣ ಚೆನ್ನಾಗಿತ್ತು."

"ಸಾರಿ..."

"ನಾನು ನಿಮಗೆ ಅಂತ ಓದಿದ್ದು ಕಣ್ರೀ. ನೀವು ಊರಿಗೆಲ್ಲ ಹಂಚಿಬಿಟ್ರಿ. ಮೇಲಿಂದ ನಾನೇ ಫ್ರಾಡಾ?"

"ನಾನಲ್ಲ! ಅಮ್ಮ, ಭಜನಾ ಮಂಡಳಿಗೆ..." ಉಸಿರು ಸಾಲದೆ ನಿಂತಳು. "ನಂಗೆ ಗೊತ್ತಿರ್ಲಿಲ್ಲ. ಆಶ್ರಿತಾ ಆ ನಗುವಿನ ಬಗ್ಗೆ ಹೇಳಿದಳು... ನಂಗೆ ತಡ್ಕೊಳ್ಲಿಕ್ಕೆ ಆಗ್ಲಿಲ್ಲ. ಹೊಟ್ಟೆಕಿಚ್ಚು. ಸಾಕಾ?"

ಅವನು ಅವಳನ್ನೇ ನೋಡಿದ. ಮೊದಲು ಕಣ್ಣು ನಕ್ಕಿತು, ಆಮೇಲೆ ತುಟಿ.

"ಪ್ರತಿ ಅಧ್ಯಾಯ ಮುಗಿದ್ಮೇಲೆ ಒಂದು ಮಾತು ಹೇಳ್ತಿದ್ದೆ. ಕಳಿಸೋ ಮುಂಚೆ ಅಳಿಸಿಬಿಡ್ತಿದ್ದೆ."

"ಒಳ್ಳೇದಾಯ್ತು! ಇಲ್ಲದಿದ್ರೆ ಅದಕ್ಕೂ ಮಂಡಳಿಯವರು ತಾಳ ಹಾಕ್ತಿದ್ರು." ಆಮೇಲೆ ಮೆಲ್ಲಗೆ, "ಎಂತ ಮಾತು?"

"ನಂಗೆ ನೀನು ಬೇಕು, ಅಶ್ಮಿತಾ."

ಗಾಡಿ ಬಂತು. ಜನ ಇಬ್ಬರನ್ನೂ ನೂಕಿದರು, ಬೈದರು, ಹತ್ತಿದರು. ಗಾಡಿ ಹೋಯಿತು. ಅವಳ ಕೈ ಅವನ ಕೈಯಲ್ಲಿತ್ತು.

"ನಂಗೂ..." ಎಂದಳು, ಕಣ್ಣೊರೆಸಿಕೊಳ್ಳುತ್ತ.

"ಹೊಟ್ಟೆಕಿಚ್ಚು ಹೋಯ್ತಾ?"

"ಯಾಕೆ ಹೋಗ್ಬೇಕು? ಇಷ್ಟು ಹೊತ್ತು ಸುಮ್ಮನೆ ಪಟ್ಟೆ," ಎಂದು ಅವಳು ಅವನ ಭುಜಕ್ಕೆ ಒರಗಿದಳು. "ಇನ್ನು ಹಕ್ಕಿನಿಂದ ಪಡ್ತೇನೆ!"