ಹಿಂದಿನ ಗಾಲಿಯ ಮೂವತ್ಮೂರು

ಸೋಮವಾರ ಮುಂಜಾನೆ ಎಂಟೂವರೆಗೆ ಸುಳ್ಳ ಗ್ರಾಮದ ರಸ್ತೆಯ ತಿರುವಿನಲ್ಲಿ ಹುಲಗೇಶ ಮಾಸ್ತರರ ಹೆಣ ಸಿಕ್ಕಿತು. ತಲೆಯ ಹಿಂಭಾಗ ಒಡೆದಿತ್ತು. ಬೈಕು ಬಲಕ್ಕೆ ಉರುಳಿತ್ತು. ಪಕ್ಕದಲ್ಲೇ ರಕ್ತ ಹತ್ತಿದ ಕಲ್ಲು.

"ಸ್ಕಿಡ್ ಆಗಿ ಕಲ್ಲಿನ ಮ್ಯಾಲ ಬಿದ್ದಾರ್ರಿ ಮೇಡಂ," ಎಂದ ಹವಾಲ್ದಾರ ಅರ್ಜುನಪ್ಪ. "ಹಿಂದಿನ ಟೈರ್ ಮುಟ್ಟಿ ನೋಡ್ರಿ, ಎಷ್ಟ ಬಿರುಸೈತಿ."

ಪಿಎಸ್‌ಐ ಕರುಣಾ ಟೈರು ಮುಟ್ಟಲಿಲ್ಲ. ಅವಳ ಕಣ್ಣು ಪಕ್ಕದಲ್ಲಿದ್ದ ಹೆಲ್ಮೆಟ್ಟಿನ ಮೇಲಿತ್ತು. ಪಟ್ಟಿ ಬಿಚ್ಚಿತ್ತು. ಒಂದು ಗೀರೂ ಇರಲಿಲ್ಲ. ಆಮೇಲೆ ಹಿಂದೆ ಕೂತವರು ಕಾಲಿಡುವ ಎಡಗಡೆಯ ಫುಟ್‌ರೆಸ್ಟ್ ನೋಡಿದಳು. ಅದು ಕಾಲಿಡಲು ಬಿಚ್ಚಿಟ್ಟಂತೆಯೇ ಇತ್ತು. ಅದರ ರಬ್ಬರಿಗೆ ಹಸಿ ಎರೆಮಣ್ಣು.

* * *

ಮಧ್ಯಾಹ್ನದ ಹೊತ್ತಿಗೆ ಬೆಂಗೇರಿಯಲ್ಲಿ ಮಾಸ್ತರರು ಗಾಳಿ ಹಾಕಿಸುತ್ತಿದ್ದ ಪಂಕ್ಚರ್ ಅಂಗಡಿಯ ಇಕ್ಬಾಲನನ್ನು ಠಾಣೆಗೆ ತಂದು ಕೂರಿಸಿದ್ದರು. ನೆರಳಿನಲ್ಲಿ ತಣಿದ ಗಾಲಿಗಳಿಗೆ ಗಾಳಿಯ ಒತ್ತಡದ ಮೀಟರು ಹಿಡಿದಾಗ ಮುಂದೆ ಇಪ್ಪತ್ತೈದು, ಹಿಂದೆ ಮೂವತ್ಮೂರು ತೋರಿಸಿತ್ತು.

"ಒಬ್ಬರ ಓಡಸೂ ಗಾಡಿಗೆ ಮೂವತ್ಮೂರು ಯಾಕ ಹೊಡದಿ?" ಅರ್ಜುನಪ್ಪ ಗದರಿದ. "ನಿನ್ನ ಕೈಯಿಂದ ಒಂದು ಜೀವ ಹೋತು. ಕೇಸ್ ಬೀಳತೈತಿ."

ಇಕ್ಬಾಲನ ತುಟಿ ಒಣಗಿತ್ತು. "ಮಾಸ್ತರ ತಾವ ಕೇಳಿದ್ರು ಸಾಹೇಬ್ರ. ನನ್ನ ಅಂಗಡಿ ಗ್ವಾಡಿ ನೋಡ್ರಿ, ಖಾಯಂ ಗಿರಾಕಿಗಳ ಲೆಕ್ಕ ಸುಣ್ಣದಾಗ ಬರದೇನಿ. ಮಾಸ್ತರದು ಮುಂದ ಇಪ್ಪತ್ತೈದು, ಹಿಂದ ಇಪ್ಪತ್ತೆಂಟು. ಇವತ್ತ ಮುಂಜಾನಿ ಏಳೂವರಿಗೆ ಬಂದು, ಹಿಂದ ಮೂವತ್ಮೂರು ಇರಲಿ, ಒಬ್ಬರನ್ನ ಕರ್ಕೊಂಡು ಹೋಗೋದೈತಿ ಅಂದ್ರು."

"ಯಾರನ್ನ?"

"ಹೇಳಲಿಲ್ರಿ."

"ಹಿಂದ ಯಾರೂ ಇರಲಿಲ್ಲ. ಸುಳ್ಳ ಹೇಳಬ್ಯಾಡ."

ಕರುಣಾ ಎದ್ದು ಬೈಕಿನ ಹತ್ತಿರ ಹೋದಳು. ಚೈನ್ ಕವರಿನ ಮೇಲೆ ಕಂಪನಿಯ ಚೀಟಿ ಅಂಟಿಸಿತ್ತು. ಒಬ್ಬರಿದ್ದರೆ ಹಿಂದೆ ಇಪ್ಪತ್ತೆಂಟು. ಇಬ್ಬರಿದ್ದರೆ ಮೂವತ್ಮೂರು. ಮುಂದೆ ಎರಡಕ್ಕೂ ಇಪ್ಪತ್ತೈದು.

ಒಂದು ಪಾಯಿಂಟೂ ಆಚೀಚೆ ಇರಲಿಲ್ಲ.

* * *

ಸಂಜೆ ಪ್ರತಾಪ ಬಂದ. ಮಾಸ್ತರರ ಶಾಲೆಯಲ್ಲೇ ಕಲಿಸುವವನು, ಬೆಂಗೇರಿಯವನು. ಕಣ್ಣು ಕೆಂಪಾಗಿದ್ದವು.

"ಜ್ವರ ಬಂದು ಮುಂಜಾನಿಯಿಂದ ಮನ್ಯಾಗ ಮಲಗಿದ್ದೆರಿ ಮೇಡಂ. ಈಗ ಗೊತ್ತಾತು. ಇಕ್ಬಾಲನ್ನ ಬಿಡಬ್ಯಾಡ್ರಿ."

"ಗಾಳಿ ಅಷ್ಟು ಜಾಸ್ತಿ ಆಗಿತ್ತೇನ್ರಿ?"

"ಏನ್ ಕೇಳ್ತೀರಿ! ಮೊದಲ ಮೆತ್ತಗಿತ್ತು. ಅವನ ಕಡೆ ಹೋಗಿ ಬಂದ ಮ್ಯಾಲ ಕಲ್ಲಾತು. ರೋಡಿನ ಉಬ್ಬಿಗೊಮ್ಮೆ ನಡ ಎತ್ತಿ ಒಗೀತಿತ್ತು."

ಕರುಣಾ ಪೆನ್ನು ಕೆಳಗಿಟ್ಟಳು.

"ಯಾರ ನಡಾ, ಪ್ರತಾಪ?"

ಅವನು ಬಾಗಿಲ ಕಡೆ ನೋಡಿದ.

"ಆ ಗಾಡಿಗೆ ಮೂವತ್ಮೂರು ತುಂಬಿದ್ದು ಇವತ್ತ ಮುಂಜಾನಿ ಏಳೂವರಿಗೆ. ಎಂಟೂವರಿಗೆ ಮಾಸ್ತರ ಹೆಣ ಸಿಕ್ಕಿತು. ಆ ಒಂದು ತಾಸಿನ್ಯಾಗ ಹಿಂದ ಕುಂತಾವಂಗ ಮಾತ್ರ ಅದು ನಡ ಒಗಿಯೋದು ಗೊತ್ತು. ಹೆಲ್ಮೆಟ್ಟಿಗೆ ಗೀರಿಲ್ಲ. ಅಂದರ ಮಾಸ್ತರ ಬಿದ್ದಿಲ್ಲ, ಗಾಡಿ ನಿಲ್ಲಿಸಿ ಅದನ್ನ ತಾವ ತಗದಾರ. ಇನ್ನ ನಿಮ್ಮ ಚಪ್ಪಲಿ ನೋಡ್ಕೊಳ್ರಿ. ಮನ್ಯಾಗ ಮಲಗಿದವರಿಗೆ ಎರಿಮಣ್ಣು ಎಲ್ಲಿಂದ ಹತ್ತೀತು?"

ಪ್ರತಾಪ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಆಮೇಲೆ ಬಾಯಿ ಬಿಟ್ಟ. ಮಕ್ಕಳ ಬಿಸಿಯೂಟದ ಬೇಳೆ ಚೀಲಗಳನ್ನು ಅವನು ಹೊರಗೆ ಸಾಗಿಸುತ್ತಿದ್ದ. ಅದು ಮಾಸ್ತರರಿಗೆ ತಿಳಿದಿತ್ತು. ಹತ್ತು ಗಂಟೆಗೆ ಶಾಲೆಯಲ್ಲಿ ಪಾಲಕರ ಸಭೆ. ಅಲ್ಲಿ ನೀನೇ ತಪ್ಪು ಒಪ್ಪಿಕೋ ಎಂದಿದ್ದರು. ತಿರುವಿನಲ್ಲಿ ಗಾಡಿ ನಿಲ್ಲಿಸಲು ಹೇಳಿ, ಬಿಟ್ಟುಬಿಡಿ ಎಂದು ಕಾಲು ಹಿಡಿದ. ಮಾಸ್ತರರು ಆಗುವುದಿಲ್ಲ ಎಂದು ಬೈಕಿನ ಕಡೆ ತಿರುಗಿದರು. ಅವನು ಕಲ್ಲೆತ್ತಿದ. ಬೈಕು ದೂಡಿ ಕೆಡವಿ, ಹೊಲಗಳ ನಡುವೆ ಓಡಿದ.

"ನಿಮ್ಮನ್ನ ಯಾಕ ಗಾಡಿ ಮ್ಯಾಲ ಕರ್ಕೊಂಡ್ರು?"

"ಒಬ್ಬನ ಹೋಗಿ ಅಷ್ಟ ಮಂದಿ ಮುಂದ ನಿಲ್ಲಬ್ಯಾಡ, ನಾ ಜೊತಿಗಿರ್ತೇನಿ ಅಂದ್ರು."

* * *

"ಕಾಕಾ, ನೀವಿನ್ನ ಮನಿಗೆ ಹೋಗ್ರಿ," ಎಂದಳು ಕರುಣಾ. "ನಿಮ್ಮ ಲೆಕ್ಕ ಬರೋಬ್ಬರಿ ಇತ್ತು."

ಇಕ್ಬಾಲ ಎದ್ದವನು ಬಾಗಿಲಲ್ಲಿ ನಿಂತ.

"ಆ ಮೂವತ್ಮೂರು ಇವನ ಸಲುವಾಗಿ ತುಂಬಿಸಿದ್ರೇನ್ರಿ?"

"ಹೂಂ."

ಅವನು ಅಂಗಡಿಗೆ ಹೋಗಿ ಒದ್ದೆ ಬಟ್ಟೆ ಹಿಡಿದು ಗೋಡೆಯ ಮುಂದೆ ನಿಂತ. ಮಾಸ್ತರ, ಇಪ್ಪತ್ತೈದು, ಇಪ್ಪತ್ತೆಂಟು. ಬಟ್ಟೆ ಒಣಗುವವರೆಗೂ ನಿಂತಿದ್ದ. ಒರೆಸಲಿಲ್ಲ.