ಪರ್ಮನೆಂಟ್ ಮಿಸ್ ಬೇಕು

“ಸ್ಕೂಲಲ್ಲಿ ಏನೂ ಕೊರತೆ ಇಲ್ಲ ಕಣ್ ಮಿಸ್, ಎಲ್ಲಾ ಚೆನ್ನಾಗದೆ,” ಎಂದು ಮುದ್ದಮ್ಮ ಬಾಗಿಲಲ್ಲೇ ಕೈಮುಗಿದಳು. ಹೋದ ವಾರ ಶಾಲೆಯಿಂದ ಮೊಮ್ಮಗನ ಟೀಸಿ ಕಿತ್ತುಕೊಂಡು ಹೋದವಳೂ ಇದೇ ಮಹಾತಾಯಿ! ಅಶೋಕನಿಗೆ ನಗು ತಡೆಯಲಾಗಲಿಲ್ಲ. ಕುಸುಮ ಮಿಸ್ ತಿರುಗಿ ಕಣ್ಣು ಕೆಕ್ಕರಿಸಿದಳು. ಅಯ್ಯೋ, ಆ ನೋಟಕ್ಕೇ ಅಲ್ಲವೇ ಅವನು ಬಿದ್ದುಹೋಗಿದ್ದು.

ಕೆಸರೆಯ ಸರ್ಕಾರಿ ಶಾಲೆಯನ್ನು ಮಕ್ಕಳು ಒಬ್ಬೊಬ್ಬರಾಗಿ ಬಿಡುತ್ತಿದ್ದರು. ಯಾಕೆಂದು ಮನೆಮನೆಗೂ ಹೋಗಿ ಕೇಳಲು ಅತಿಥಿ ಶಿಕ್ಷಕಿ ಕುಸುಮ ಹೊರಟಿದ್ದಳು. ಅಕ್ಕನ ಮಗಳು ಕೀರ್ತಿ ಅಲ್ಲೇ ಓದುತ್ತಾಳೆಂಬ ನೆಪ ಹಿಡಿದು, ಪೇಂಟಿಂಗ್ ಕೆಲಸದ ಅಶೋಕ ಜೊತೆಗೆ ಬಂದಿದ್ದ.

“ಟೀಚರ್ ಮುಖ ನೋಡ್ಕಂಡು ಯಾರ್ರೀ ದೂರು ಹೇಳ್ತಾರೆ? ಮರ್ಯಾದೆ ಬುಡ್ತಾರಾ? ನೀವು ಆ ಮರದ ಕೆಳಗೆ ನಿಂತ್ಕಳಿ, ನಾನು ವಿಚಾರಿಸ್ತೀನಿ.”

“ಇವರೇನು ದೊಡ್ಡ ಸಾಹೇಬ್ರು!” ಎಂದಳು. ಆದರೂ ಹೋಗಿ ನಿಂತಳು, ನಗು ಸೆರಗಲ್ಲಿ ಮುಚ್ಚಿಕೊಂಡು.

ಅವನ ಮುಂದೆ ಬಾಯಿಗಳು ತೆರೆದವು. ಶೌಚಾಲಯಕ್ಕೆ ನೀರಿಲ್ಲ. ನಾವು ಕೆಲಸಕ್ಕೆ ಹೊರಡೋ ಹೊತ್ತಿಗೆ ಗೇಟು ತೆಗೆದಿರಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ವರ್ಷಕ್ಕೊಬ್ಬ ಟೀಚರ್ ಆದರೆ ಮಗು ಯಾರನ್ನು ನೆಚ್ಚಿಕೊಳ್ಳಬೇಕು?

ಕುಸುಮ ಬೆನ್ನು ಹತ್ತಿದ ಮೇಲೆ ಶೌಚಾಲಯಕ್ಕೆ ನಲ್ಲಿ ಬಂತು. ಗೇಟು ಬೇಗ ತೆರೆಯಿತು. ಪೋಷಕರ ಸಭೆಗೆ ಶಿಕ್ಷಣಾಧಿಕಾರಿ ಬಂದಾಗ ಅಶೋಕ ಎದ್ದು, “ನಮಗೆ ಪರ್ಮನೆಂಟ್ ಮಿಸ್ ಬೇಕು ಸಾರ್!” ಎಂದ. ಎಲ್ಲರೂ ದನಿಗೂಡಿಸಿದರು. ಅವನು ಹೆಮ್ಮೆಯಿಂದ ಕುಸುಮಳ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ನಾಚಿಕೆ ಅಂದುಕೊಂಡ, ಪಾಪ, ಪೆದ್ದ.

ಆದೇಶ ಬಂದೇಬಿಟ್ಟಿತು. ಬೇರೆ ಊರಿನಿಂದ ಕಾಯಂ ಶಿಕ್ಷಕಿಯೊಬ್ಬರು ಬರುತ್ತಿದ್ದರು. ಕುಸುಮ ಹೊರಡಬೇಕಿತ್ತು.

“ನಿಮ್ಮನ್ನೇ ಪರ್ಮನೆಂಟ್ ಮಾಡ್ತಾರೆ ಅನ್ಕಂಡೆ ಕಣ್ರೀ,” ಎಂದ ಅವನು ಶಾಲೆಯ ಗೇಟಿನಲ್ಲಿ. “ಹಿಂಗಾಗ್ತದೆ ಅಂತ ಅವತ್ತೇ ಹೇಳಿದ್ರೆ ಬಾಯಿ ಮುಚ್ಕಂಡಿರ್ತಿದ್ದೆ!”

“ಅದಕ್ಕೇ ಹೇಳ್ಲಿಲ್ಲ. ಜನ ಕೇಳಿದ್ದು ನ್ಯಾಯವಾಗೇ ಇತ್ತು.”

“ಇನ್ನೇನ್ ಮಾಡ್ತೀರಿ?”

“ಊರಿಗೆ ಹೋಗ್ತೀನಿ. ಕೆಲಸ ಇರೋವರೆಗೂ ಮದುವೆ ಮಾತು ಬೇಡ ಅಂತ ಅಪ್ಪನ ಬಾಯಿ ಕಟ್ಟಿದ್ದೆ. ಈಗ ಆ ನೆಪಾನೂ ಹೋಯ್ತು.”

“ನಾನು ಬಂದು ಕೇಳ್ಲಾ?”

“ಬೇಡ. ನಮ್ಮೋರು ಜಾತಿ ಬಿಟ್ಟು ಹೆಣ್ಣು ಕೊಡಲ್ಲ. ನಿನ್ನ ಮೇಲೆ ಕೈ ಮಾಡ್ತಾರೆ.”

‘ನೀವು’ ಹೋಗಿ ‘ನೀನು’ ಬಂದಿತ್ತು, ಅದೂ ಈ ಗಳಿಗೆಯಲ್ಲಿ.

“ನಿಮಗೆ ನನ್ನ ಕಂಡ್ರೆ ಇಷ್ಟ ಇಲ್ವಾ?”

“ಪ್ರಾಣ ಹೋಗೋಷ್ಟು ಇಷ್ಟ,” ಎಂದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಆಟೋ ಹತ್ತುವಾಗ ಅವನ ಕೈ ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ಮರುವಾರ ಶಾಲೆ ಬಿಟ್ಟಾಗ ಕೀರ್ತಿ ಕುಣಿಯುತ್ತ ಓಡಿಬಂದಳು. “ಮಾಮ, ಹೊಸ ಮಿಸ್ ಎಲ್ಲೂ ಹೋಗಲ್ವಂತೆ! ನಾವು ಏಳನೇ ಕ್ಲಾಸ್ ಮುಗಿಸೋವರ್ಗೂ ಇಲ್ಲೇ ಇರ್ತಾರಂತೆ!”

“ಒಳ್ಳೇದಾಯ್ತು ಕಣವ್ವ,” ಎಂದ ಅಶೋಕ. ನಿಜವಾಗಿಯೂ ಒಳ್ಳೆಯದೇ ಆಗಿತ್ತು. ಮಗುವಿನ ಬ್ಯಾಗು ಹೆಗಲಿಗೆ ಹಾಕಿಕೊಂಡು, ಮುಖ ಅವಳಿಗೆ ಕಾಣದ ಹಾಗೆ ಮುಂದೆ ಮುಂದೆ ನಡೆದ.