ಮಂಜುಗಡ್ಡೆಯಡಿಯ ಕಡಲು

"ನೀವು ತೋರಿಸ್ತಿರೋದು ಕಡಲಲ್ಲ. ನಮ್ಮ ನೌಕೆಯ ಹೀಟರ್ ಮಾಡ್ತಿರೋ ಗದ್ದಲ."

ಸಭೆಯಲ್ಲಿದ್ದವರೆಲ್ಲ ಅತ್ತ ತಿರುಗಿದರು. ಮಾತಾಡಿದವನು ಆ ತಿಂಗಳಷ್ಟೇ ಸೇರಿದ್ದ ಹೀಟರ್ ಇಂಜಿನಿಯರ್. ಪರದೆಯ ಮುಂದೆ ನಿಂತು ತನ್ನ ಗ್ರಾಫ್ ತೋರಿಸುತ್ತಿದ್ದ ವಿಜ್ಞಾನಿ ಅವಳು; ಕಿವಿ ಬಿಸಿಯಾಯಿತು.

ಗುರುಗ್ರಹ ತಿರುಗಿದಂತೆ ಅದರ ದೊಡ್ಡ ಹಿಮಚಂದ್ರ ಗ್ಯಾನಿಮೀಡ್‌ನ ಸುತ್ತ ಕಾಂತಬಲ ಏರಿಳಿಯುತ್ತದೆ. ಮಂಜುಗಡ್ಡೆಯಡಿ ಉಪ್ಪುನೀರಿದ್ದರೆ ತಾನೂ ಸಣ್ಣ ಕಾಂತಬಲ ಹುಟ್ಟಿಸಿ ಆ ಏರಿಳಿತಕ್ಕೆ ಓಗೊಡುತ್ತದೆ; ಹೀಟರಿನ ವಿದ್ಯುತ್ತೂ ಹಾಗೇ ಹುಟ್ಟಿಸಬಲ್ಲದು. ಬಾಹ್ಯಾಕಾಶ ನೌಕೆ ಕಳಿಸುವ ಅಂಕಿಗಳಲ್ಲಿ ಆ ಓಗೊಡುವಿಕೆಯನ್ನು ಅವಳು ನಾಲ್ಕು ವರ್ಷ ಹುಡುಕಿದ್ದಳು. ಕೊನೆಗೂ ಸಿಕ್ಕಿತು ಎಂದುಕೊಂಡ ದಿನವೇ ಹೀಗೆ...

'ಎಲ್ಲರೆದುರು ಮಾನ ಕಳೆದ. ಇನ್ನು ಇವನ ಮುಖ ನೋಡಲ್ಲ.'

ನೋಡಲೂ ಇಲ್ಲ. ಅವನು ಕ್ಯಾಂಟೀನಿಗೆ ಬಂದರೆ ಅರ್ಧ ಚಹಾ ಬಿಟ್ಟು ಎದ್ದಳು. "ಒಂದ್ನಿಮಿಷ ಮಾತಾಡ್ಬೇಕಿತ್ತು..." ಎಂದು ಬಾಗಿಲಲ್ಲಿ ನಿಂತರೆ, "ಇಮೇಲ್ ಮಾಡಿ" ಎಂದಳು. ಅವನು ಮಾಡಿದ. ಅವಳು ತೆರೆಯಲಿಲ್ಲ.

ಮೂರು ವಾರದ ಮೇಲೆ, ಎಲ್ಲರೂ ಅಕ್ಕ ಎಂದೇ ಕರೆಯುವ ನಿಯಂತ್ರಣ ಕೊಠಡಿಯ ಹಿರಿಯಾಕೆ ಅವಳ ಮೇಜಿಗೆ ಬಂದರು.

"ನಿನ್ನೆ ನೌಕೆ ಗ್ಯಾನಿಮೀಡ್ ಹತ್ತಿರ ಹಾದುಹೋಯ್ತಲ್ಲ, ಆಗ ನಲವತ್ತು ನಿಮಿಷ ಹೀಟರ್ ಆರಿಸಿಟ್ಟಿದ್ವಿ. ಅದಕ್ಕೆ ಆ ಹುಡುಗ ಎಲ್ಲರ ಕೈಕಾಲು ಹಿಡಿದಿದ್ದ. ಚಳಿಗೆ ಏನಾದ್ರೂ ಕೆಟ್ಟರೆ ತನ್ನ ತಲೆಗಿರಲಿ ಅಂತ ಸಹಿ ಬೇರೆ ಹಾಕಿದ."

"ಯಾಕಕ್ಕ?"

"ನಿನ್ನ ಕಡಲಿಗೋಸ್ಕರ ಕಣೇ. ನಿನಗೆ ಬರೆದಿದ್ನಂತಲ್ಲ?"

ಅವಳು ಗಡಿಬಿಡಿಯಲ್ಲಿ ಇಮೇಲ್ ತೆರೆದಳು. 'ಕಡಲಿದೆ ಅಂತಲೇ ನನಗೂ ಅನ್ನಿಸುತ್ತದೆ. ಹೊರಗಿನವರು ಅನುಮಾನಿಸುವ ಮುಂಚೆ ನಾವೇ ಪರೀಕ್ಷಿಸಿಬಿಡೋಣ.'

ಹೀಟರ್ ಆರಿದ್ದಾಗಿನ ಹೊಸ ಅಂಕಿಗಳನ್ನು ಪರದೆಗೆ ತಂದಳು. ಗೆರೆ ಮೊದಲಿನಷ್ಟು ಎತ್ತರವಿರಲಿಲ್ಲ. ಆದರೆ ಅಳಿಸಿಯೂ ಹೋಗಿರಲಿಲ್ಲ.

ಕೆಳಮಹಡಿಯ ಪ್ರಯೋಗಾಲಯದಲ್ಲಿ ಅವನು ಕುಕ್ಕರಗಾಲಲ್ಲಿ ಕೂತು ತಂತಿ ಜೋಡಿಸುತ್ತಿದ್ದ.

"ಆ ಗೆರೇಲಿ ಅರ್ಧ ಹೀಟರ್‌ದೇ ಆಗಿತ್ತು," ಎಂದಳು.

"ಇನ್ನರ್ಧ?"

"ಉಪ್ಪುನೀರು."

ಅವನು ತಂತಿ ಕೆಳಗಿಟ್ಟು ನೆಲದ ಮೇಲೇ ಕೂತ. ಕಣ್ಣು ತುಂಬಿತ್ತು.

"ಆದ್ರೂ ಸಭೇಲಿ ಹಾಗೆ ಹೇಳಬಾರದಿತ್ತು ನೀವು..."

"ತಪ್ಪಾಯ್ತು. ಸಭೆಗೆ ಮೊದಲೇ ನಿಮಗೊಬ್ರಿಗೇ ಹೇಳೋಣ ಅಂತ ಎರಡು ಸಲ ಬಂದೆ. ನಿಮ್ಮನ್ನ ನೋಡಿದ್ರೆ ಮಾತೇ ಹೊರಡ್ತಿರ್ಲಿಲ್ಲ."

"ಯಾಕೆ?"

"ನೀವಂದ್ರೆ ಇಷ್ಟ... ಅದಕ್ಕೆ."

ಅವಳು ಬಂದು ಅವನ ಪಕ್ಕ ಕೂತಳು.

"ನನಗೆ ಸಿಟ್ಟು ಮೂಗಿನ ತುದೀಲೇ ಇರುತ್ತೆ. ಅಮ್ಮನೂ ಅದನ್ನೇ ಹೇಳ್ತಾಳೆ."

"ಗೊತ್ತಾಯ್ತು."

"ಆದ್ರೂ?"

"ಆದ್ರೂ."

ಅವಳು ಮೆಲ್ಲಗೆ ಅವನ ಕೈ ಹಿಡಿದುಕೊಂಡಳು.